ಹೆದರುವ ಡ್ಯೂಟಿ

ಅತ್ತೆಯ ಎಡಗೈ ತೋರುಬೆರಳಿಗೆ ಒಂದು ಸೊಂಟವಿತ್ತು. ನಡುಗೆಣ್ಣಿನ ಕೆಳಗೆ, ಬಹಳ ಕಾಲ ಉಂಗುರ ಹಾಕಿ ತೆಗೆದ ಹಾಗೆ, ಒಂದು ತಗ್ಗು. ಆ ಬೆರಳಿಗೆ ಅವರು ಯಾವತ್ತೂ ಉಂಗುರ ಹಾಕಿದವರಲ್ಲ. ಸೆರಗಿನ ತುದಿಯನ್ನು ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ ಆದ ತಗ್ಗು ಅದು. ಮನೆಯಿಂದ ಯಾರಾದರೂ ಹೊರಗೆ ಹೋದರೆ ಸುತ್ತುವುದು ಶುರು. ಹೋದವರು ಬಂದು ಚಪ್ಪಲಿ ಬಿಟ್ಟ ಮೇಲೆ ನಿಲ್ಲುತ್ತಿತ್ತು. ಅವರ ಸೀರೆಗಳಲ್ಲಿ ಸೆರಗಿನ ತುದಿ ನೆಟ್ಟಗಿದ್ದದ್ದು ಒಂದೂ ಇರಲಿಲ್ಲ.

ಲಿಫ್ಟಿಗೆ ಹೆದರುತ್ತಿದ್ದರು. ಫಾಸ್ಟ್ ಲೋಕಲ್ ರೈಲಿಗೆ, ಕುಕ್ಕರಿನ ಕೂಗಿಗೆ, ಹೆಲ್ಮೆಟ್ ತೆಗೆಯದೆ ಬಾಗಿಲಿಗೆ ಬರುವ ಕೊರಿಯರಿನವನಿಗೆ, ಮೊಮ್ಮಗಳ ಸ್ಕೂಲ್ ಬಸ್ಸು ತಡವಾದರೂ ಸರಿಯೇ, ಬೇಗ ಬಂದರೂ ಸರಿಯೇ. ಹಗ್ಗ ಕಂಡರೆ ಹಾವು ಎನ್ನುವವರು ಎಲ್ಲ ಮನೆಯಲ್ಲೂ ಇರುತ್ತಾರೆ. ನಮ್ಮ ಅತ್ತೆ ಹಗ್ಗ ಕಾಣದಿದ್ದರೆ ಅದು ಎಲ್ಲಿಗೆ ಹರಿದು ಹೋಯಿತು ಎಂದು ಹುಡುಕುವವರು. ಅವರು ಉಡುಪಿಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದವರು. ನಾನು ಧಾರವಾಡ ಕಡೆಯವರ ಮಗಳು, ಕಲ್ಯಾಣದಲ್ಲಿ ಬೆಳೆದವಳು. ಹೊಸದರಲ್ಲಿ, ಈ ಹೆಂಗಸಿನೊಡನೆ ಏಗುವುದು ಹೇಗಪ್ಪಾ ಎಂದು ನನಗೆ ಅನ್ನಿಸಿದ್ದು ನಿಜ.

ಆದರೆ ಒಂದು ಸಂಗತಿ ನಿಧಾನವಾಗಿ ಕಣ್ಣಿಗೆ ಬಿತ್ತು. ಇಷ್ಟೊಂದು ಹೆದರುವ ಅತ್ತೆ ಯಾರನ್ನೂ "ಹೋಗಬೇಡ" ಎಂದು ತಡೆದದ್ದಿಲ್ಲ.

ಅದರ ಹಿಂದಿನ ಕತೆಯನ್ನು ಒಂದು ಮಧ್ಯಾಹ್ನ ಅಲಸಂಡೆ ಮುರಿಯುತ್ತ ಅವರೇ ಹೇಳಿದರು. ಮಾವ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕಿದ್ದರು. ಕಾರ್ಖಾನೆಯ ಭೋಂಗಾ, ಅಂದರೆ ಸೈರನ್ನು, ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದರೆ ಚಾಳಿನ ಹೆಂಗಸರೆಲ್ಲ ಹೊರಗೆ ಬಂದು ಹೊಗೆ ಎದ್ದಿದೆಯೇ ಎಂದು ಆಕಾಶ ನೋಡುತ್ತಿದ್ದ ಕಾಲ.

"ಒಂದಿನ ಊಟಕ್ಕೆ ಕೂತವರು ತುತ್ತು ಹಾಗೇ ಹಿಡ್ಕೊಂಡು ಕೂತ್ರು. 'ನಂಗೆ ಹೆದರಿಕೆ ಆಗ್ತದೆ ಮಾರಾಯ್ತಿ, ವಾಲ್ವ್ ತಿರುಗಿಸುವಾಗ ಕೈ ನಡುಗ್ತದೆ' ಅಂದ್ರು. ಕೈ ನಡುಗಿದ್ರೆ ಅವರಿಗೆ ಮಾತ್ರ ಅಲ್ಲ, ಅಲ್ಲಿದ್ದವರಿಗೆಲ್ಲ ಅಪಾಯ. ಕೆಲಸ ಬಿಡಿ ಹೇಳ್ಲಿಕ್ಕೆ ಆಗ್ತದಾ? ನಾನೆಂದೆ, ನೀವು ವಾಲ್ವ್ ತಿರುಗ್ಸಿ, ಹೆದರುವ ಡ್ಯೂಟಿ ನಂಗೆ ಬಿಡಿ. ಇಬ್ರೂ ಹೆದರಿ ಎಂತ ಪ್ರಯೋಜನ?"

ಮಾವ ನಿವೃತ್ತರಾದರು, ಎಷ್ಟೋ ವರ್ಷ ಸುಖವಾಗಿದ್ದು ತಮ್ಮ ಹಾಸಿಗೆಯಲ್ಲೇ ಕಣ್ಣು ಮುಚ್ಚಿದರು. ಅತ್ತೆಗೆ ಮಾತ್ರ ನಿವೃತ್ತಿ ಸಿಗಲಿಲ್ಲ.

ನನ್ನ ಸರದಿಯೂ ಬಂತು. ಡೊಂಬಿವಲಿಯಿಂದ ಠಾಣೆ, ಅಲ್ಲಿಂದ ಗಾಡಿ ಬದಲಿಸಿ ರಬಾಳೆಯ ಆಫೀಸು. ವರ್ಷಾನುಗಟ್ಟಲೆ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಯಾರದೋ ಮೊಣಕೈ ನನ್ನ ಪಕ್ಕೆಯಲ್ಲಿ, ನನ್ನ ಮೊಣಕೈ ಇನ್ಯಾರದೋ ಪಕ್ಕೆಯಲ್ಲಿ. ಎರಡು ದಿನ ಯಾರೂ ತಾಗದ ಜಾಗದಲ್ಲಿ ನಡೆಯಬೇಕು ಎಂಬ ಆಸೆ ಹುಚ್ಚಿನ ಹಾಗೆ ಹತ್ತಿಕೊಂಡಿತು. ಕಾಲೇಜಿನಲ್ಲಿದ್ದಾಗ ಗುಂಪು ಕಟ್ಟಿಕೊಂಡು ಮುರ್ಬಾಡ್ ಆಚೆಯ ಘಟ್ಟ ಹತ್ತಿದ್ದೆ. ಈಗ ಒಬ್ಬಳೇ, ಬೆನ್ನ ಮೇಲೆ ಟೆಂಟು ಹೊತ್ತು, ಶನಿವಾರ ಹತ್ತಿ ಭಾನುವಾರ ಇಳಿಯುವ ಯೋಚನೆ.

"ಅಕೇಲಿ? ದಿಮಾಗ್ ಖರಾಬ್ ಆಗಿದೆಯಾ? ಅಲ್ಲಿ ನೆಟ್‌ವರ್ಕ್ ಕೂಡ ಇರಲ್ಲ," ಎಂದರು ನನ್ನ ಗಂಡ.

"ಒಬ್ಬಾಕೀನ ಹೋದ್ರ ಏನಾಗ್ತದ? ನಾ ಏನ್ ಸಣ್ಣ ಹುಡುಗೀನ?" ಎಂದೆ ನಾನು.

ಅತ್ತೆ ಅಷ್ಟು ಹೊತ್ತಿಗಾಗಲೇ ಸೆರಗು ಸುತ್ತಿಕೊಂಡಾಗಿತ್ತು. ಮಗನ ಕಡೆ ತಿರುಗಿ, "ಹೋಗ್ಲಿ ಬಿಡಾ. ಹೆದರುದು ನಿಂಗೆ ಯಾಕೆ? ನಾನಿಲ್ವಾ?" ಎಂದರು. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಹೊರಡುವ ದಿನ ಉದ್ದಿನ ಅಂಬಡೆ ಕರಿದು ಡಬ್ಬಿಗೆ ತುಂಬಿದರು. ಕರಿದ ತಿಂಡಿ ಕಾಡಿಗೆ ಒಯ್ಯುವಾಗ ಜೊತೆಗೊಂದು ಚೂರು ಇದ್ದಿಲು ಇಡಬೇಕು, ಇಲ್ಲದಿದ್ದರೆ ವಾಸನೆಗೆ ಬೇಡದ್ದೆಲ್ಲ ಬೆನ್ನು ಹತ್ತುತ್ತದೆ ಎಂಬುದು ಅವರ ಊರಿನ ನಂಬಿಕೆ. ಮೂರನೆಯ ಮಹಡಿಯ ಪೈಪ್ ಗ್ಯಾಸಿನ ಮನೆಯಲ್ಲಿ ಇದ್ದಿಲು ಎಲ್ಲಿಂದ ಬರಬೇಕು? ತೆಂಗಿನ ಕರಟವನ್ನು ಇಕ್ಕಳದಲ್ಲಿ ಹಿಡಿದು ಬರ್ನರಿನ ಮೇಲೆ ಸುಟ್ಟರು. ಹೊಗೆ ಕಂಡು ಎದುರು ಮನೆಯ ಮರಾಠಿ ಮಾವಶಿ ಏನಾಯಿತೋ ಎಂದು ಗಾಬರಿಯಾಗಿ "ಕಾಯ್ ಝಾಲಂ?" ಎನ್ನುತ್ತ ಓಡಿ ಬಂದರು. ಕರಟದ ಕರಿ ಚೂರನ್ನು ಕಾಗದದಲ್ಲಿ ಸುತ್ತಿ ಅಂಬಡೆಯ ಮೇಲಿಟ್ಟು ಅತ್ತೆ ಹೇಳಿದರು: "ನೀನು ದಾರಿ ನೋಡ್ಕೊಂಡು ನಡಿ. ಹೆದರುವ ಡ್ಯೂಟಿ ನಂಗೆ ಬಿಡು. ಎರಡೂ ಒಟ್ಟಿಗೆ ಮಾಡ್ಲಿಕ್ಕೆ ಹೋಗ್ಬೇಡ, ಕಾಲು ಜಾರ್ತದೆ."

ಕಲ್ಯಾಣದಿಂದ ಬಸ್ಸು ಹಿಡಿದು, ಘಟ್ಟದ ಬುಡದಲ್ಲಿ ಇಳಿದು, ಹತ್ತತೊಡಗಿದೆ. ಮಳೆಗಾಲ ಆಗಷ್ಟೇ ಮುಗಿದಿತ್ತು. ಕಾಡು, ಝರಿ, ಅದರಾಚೆ ಕಡಿದಾದ ಏರು. ನನ್ನ ಉಸಿರಿನ ಸದ್ದು ನನಗೇ ಕೇಳಿಸುವಷ್ಟು ಮೌನ. ಎಷ್ಟು ವರ್ಷದಿಂದ ಇಷ್ಟು ಖುಷಿಯಾಗಿರಲಿಲ್ಲ! ಮಧ್ಯಾಹ್ನದ ಹೊತ್ತಿಗೆ ಮೇಲಿನ ಬಯಲು ತಲುಪಿದೆ.

ಅಲ್ಲಿ ಮಂಜು ಕವಿಯಿತು. ಎಲ್ಲಿಂದ ಬಂತೋ, ನೋಡುತ್ತಿದ್ದಂತೆ ಎದುರಿನ ಪೊದೆ ಹೋಯಿತು, ಕಾಲ ಬಳಿಯ ದಾರಿಯೂ ಹೋಯಿತು. ದನ ನಡೆದ ಜಾಡುಗಳೇ ಹತ್ತಾರು, ಯಾವುದು ದಾರಿ? ಒಂದನ್ನು ಹಿಡಿದೆ, ಅದು ಪೊದೆಯಲ್ಲಿ ಮುಗಿಯಿತು. ಇನ್ನೊಂದು ಹಿಡಿದೆ. ಫೋನಿನಲ್ಲಿ ಸಿಗ್ನಲ್ ಇಲ್ಲ. ಕಾಲು ತಾನಾಗಿ ಬೇಗ ಬೇಗ ಬೀಳತೊಡಗಿತು. ಆಮೇಲೆ ಓಡತೊಡಗಿದೆ. ಎಲ್ಲಿಗೆ ಎಂದು ಕೇಳಬೇಡಿ, ಹೆದರಿದವರಿಗೆ ದಿಕ್ಕು ಬೇಕಾಗುವುದಿಲ್ಲ, ಓಡುವುದು ಬೇಕಾಗುತ್ತದೆ.

ಒಂದು ಕಲ್ಲಿಗೆ ಎಡವಿ ಮುಗ್ಗರಿಸಿದೆ. ಮೊಣಕಾಲು ತರಚಿತು, ಚೀಲದ ಪಕ್ಕದಲ್ಲಿದ್ದ ಡಬ್ಬಿ ಉರುಳಿ ಬಾಯಿ ತೆರೆದುಕೊಂಡಿತು. ಇದ್ದಿಲು ಕಂಡಿತು. ಬುದ್ಧಿವಂತೆ ನಾನು, ಇದರಿಂದ ಬಂಡೆಗಳ ಮೇಲೆ ಗುರುತು ಹಾಕುತ್ತ ದಾರಿ ಹುಡುಕೋಣ ಎಂದು ಒಂದು ಗೆರೆ ಎಳೆದೆ. ಸಹ್ಯಾದ್ರಿಯ ಕಲ್ಲೇ ಕಪ್ಪು. ಕಪ್ಪಿನ ಮೇಲೆ ಕಪ್ಪು ಗೆರೆ! ಆ ಸ್ಥಿತಿಯಲ್ಲೂ ನಗು ಬಂತು. ನಗು ಬಂದದ್ದೇ ತಡ, ಅತ್ತೆಯ ಮಾತು ಕಿವಿಯ ಬಳಿ ಕೂತು ಹೇಳಿದಂತೆ ಕೇಳಿಸಿತು. ಎರಡೂ ಒಟ್ಟಿಗೆ ಮಾಡ್ಲಿಕ್ಕೆ ಹೋಗ್ಬೇಡ. ಹೌದಲ್ಲ, ನಾನು ಅವರ ಕೆಲಸ ಮಾಡುತ್ತಿದ್ದೇನೆ. ಅಲ್ಲಿ ಮನೆಯ ಗ್ಯಾಲರಿಯಲ್ಲಿ ಕೂತು ಅವರು ಅದನ್ನು ನನಗಿಂತ ಚೆನ್ನಾಗಿ ಮಾಡುತ್ತಿರುತ್ತಾರೆ. ನನ್ನದು ದಾರಿ ನೋಡುವ ಕೆಲಸ. ದಾರಿ ಕಾಣದಿದ್ದರೆ ಕಾಣುವ ತನಕ ಕೂರುವ ಕೆಲಸ.

ಕೂತೆ. ಅಂಬಡೆ ತಿಂದೆ. ರೇನ್‌ಕೋಟು ಹೊದ್ದು, ಮಂಜನ್ನು ನೋಡುತ್ತ ಇನ್ನೊಂದು ತಿಂದೆ.

ಬಹಳ ಹೊತ್ತಿನ ಮೇಲೆ ಗಾಳಿ ಎದ್ದಿತು, ಮಂಜು ಹರಿಯಿತು. ನನ್ನ ಎದುರಿಗೆ ಕೆಲವೇ ಹೆಜ್ಜೆಗಳಾಚೆ ಬಂಡೆ ಮುಗಿದಿತ್ತು. ಅದರಾಚೆ ಏನೂ ಇರಲಿಲ್ಲ. ತೀರಾ ಕೆಳಗೆ ಗದ್ದೆಗಳು, ಹಳ್ಳಿಯ ಮನೆಗಳ ಮಾಡುಗಳು. ನಾನು ಓಡುತ್ತಿದ್ದದ್ದು ಆ ಕಡೆಗೇ. ಹಿಂದಕ್ಕೆ ತಿರುಗಿದರೆ, ನಾನು ಬಿಟ್ಟು ಬಂದ ದಾರಿ ಬಯಲಿನ ನಡುವೆ ಏನೂ ಅರಿಯದಂತೆ ಬಿದ್ದುಕೊಂಡಿತ್ತು. ಹೋದ ಜೀವ ಬಂದಂತಾಯಿತು ಎನ್ನುತ್ತಾರಲ್ಲ, ಅದು ಬರುವಾಗ ಕಣ್ಣಿನಿಂದ ಬರುತ್ತದೆ ಎಂದು ನನಗೆ ಅಂದೇ ಗೊತ್ತಾದದ್ದು. ಮನಸಾರೆ ಅತ್ತುಬಿಟ್ಟೆ. ಆಮೇಲೆ ದಾರಿಯ ಪಕ್ಕದಲ್ಲೇ ಟೆಂಟು ಹಾಕಿ, ಬೆಳಗಾಗುವ ತನಕ ಎಚ್ಚರವಿಲ್ಲದೆ ಮಲಗಿದೆ.

ಭಾನುವಾರ ಸಂಜೆ ಮನೆಗೆ ಬಂದಾಗ ಅತ್ತೆ ಗ್ಯಾಲರಿಯ ಕುರ್ಚಿಯಲ್ಲಿದ್ದರು. "ಬಂದಿಯಾ?" ಎಂದರು, ಅಷ್ಟೇ. ನನ್ನ ಮೊಣಕಾಲು ನೋಡಿದರು. ಬೆರಳಿನಿಂದ ಸೆರಗು ಬಿಚ್ಚಿದರು. ಬೆರಳು ನೇರಳೆ ಬಣ್ಣಕ್ಕೆ ತಿರುಗಿತ್ತು.

"ಹಾಗಾದ್ರೆ ನಾನು ಸ್ವಲ್ಪ ಒರಗ್ತೇನೆ," ಎಂದು ಎದ್ದು ಹೋದವರು ಊಟಕ್ಕೂ ಏಳಲಿಲ್ಲ. ಮರುದಿನ ಹಾಲಿನವನು ಬೆಲ್ ಮಾಡಿದ ಮೇಲೆಯೇ ಎದ್ದರು. ಶನಿವಾರ ರಾತ್ರಿಯೆಲ್ಲ ಕೂತೇ ಇದ್ದರಂತೆ. ಹೆದರುವ ಡ್ಯೂಟಿ ಎನ್ನುವುದು ಅವರ ಬಾಯಿಮಾತು ಎಂದುಕೊಂಡಿದ್ದೆ. ನಾನು ಬೆಟ್ಟದ ಮೇಲೆ ಗಾಢವಾಗಿ ಮಲಗಿದ್ದಾಗ ನನ್ನ ಪಾಲಿನ ಎಚ್ಚರವನ್ನು ಅವರು ನಿಜವಾಗಿಯೂ ಮಾಡಿದ್ದರು. ಬಂಡೆಯ ಅಂಚಿನ ವಿಷಯವನ್ನು ನಾನು ಅವರಿಗೆ ಹೇಳಲೇ ಇಲ್ಲ. ಹೇಳುವ ಅಗತ್ಯವಿತ್ತು ಎಂದೂ ನನಗೆ ಅನ್ನಿಸುವುದಿಲ್ಲ.

ಅತ್ತೆ ಈಗಿಲ್ಲ. ಮಗಳು ಗೆಳತಿಯರ ಜೊತೆ ಗುಡ್ಡ ಹತ್ತಲು ಹೊರಟರೆ ಕರಟ ಸುಡುವವಳು ನಾನು. "ಮಮ್ಮಿ, ಯೇ ಕೋಯ್ಲಾ ಕಿಸ್‌ಲಿಯೇ?" ಎಂದು ಇದ್ದಿಲು ತೋರಿಸಿ ಅವಳು ಮೂಗು ಮುರಿಯುತ್ತಾಳೆ, ಆದರೆ ಡಬ್ಬಿಯಿಂದ ತೆಗೆದು ಬಿಸಾಡುವುದಿಲ್ಲ.

ಈ ಡ್ಯೂಟಿ ನನಗೆ ಬಂದದ್ದು ಆಸ್ಪತ್ರೆಯಲ್ಲಿ. ಹೃದಯ ಸೋತಿದೆ, ಇನ್ನು ಮಾಡುವುದೇನೂ ಇಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಆಸ್ಪತ್ರೆಯ ಗೌನಿಗೆ ಸೆರಗೆಲ್ಲಿ? ಹೊದಿಕೆಯ ಮೂಲೆಯನ್ನು ಬೆರಳಿಗೆ ಸುತ್ತಿಕೊಂಡಿದ್ದರು. ದಿನಗಟ್ಟಲೆ ಕಣ್ಣು ಮುಚ್ಚಿರಲಿಲ್ಲ.

"ನಾನು ಹೋದ್ರೆ ನಿಮ್ಮನ್ನೆಲ್ಲ ಕಾಯುದು ಯಾರು?" ಎಂದರು.

"ಅತ್ತೀ, ಹೆದರೋ ಡ್ಯೂಟಿ ನನಗ ಬಿಡ್ರಿ," ಎಂದೆ.

ನನ್ನ ಮುಖವನ್ನೇ ನೋಡಿದರು. "ನಿಂಗೆ ಹೆದರ್ಲಿಕ್ಕೆ ಬರ್ತದಾ?"

"ಬರ್ತದ್ರಿ. ಈಗ ಅದನ್ನ ಮಾಡ್ಲಿಕ್ಹತ್ತೇನಿ."

ಅವರು ನಿಧಾನವಾಗಿ ಹೊದಿಕೆಯ ಮೂಲೆಯನ್ನು ಬೆರಳಿನಿಂದ ಬಿಚ್ಚಿ ನನ್ನ ಕೈಯಲ್ಲಿಟ್ಟರು.

"ಹಾಗಾದ್ರೆ ನಾನು ಸ್ವಲ್ಪ ಒರಗ್ತೇನೆ," ಎಂದರು.