ಬೆಳೆಯುವ ಹುಡುಗನ ಸೈಕಲ್ಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಮನುಷ್ಯ ಎತ್ತರ ಬೆಳೆಯುವುದಿಲ್ಲವೆಂಬ ಪ್ರಾಥಮಿಕ ಜ್ಞಾನವಿದ್ದೂ, ನನ್ನ ಕಾಲಿಗೆ ನಿಲುಕದ ಸೈಕಲ್ಲೊಂದನ್ನು ನಾನೇ ಆರಿಸಿ, ಚೌಕಾಸಿ ಮಾಡಿ, ಹೆಮ್ಮೆಯಿಂದ ಮನೆಗೆ ತಂದೆ. ತಪ್ಪು ಸಂಪೂರ್ಣವಾಗಿ ನನ್ನದೇ; ಆದರೂ ಅದರಲ್ಲೊಂದು ಪಾಲನ್ನು ಅವ್ವನಿಗೆ ದಾನ ಮಾಡಬೇಕೆಂಬ ಆಸೆ.

ಏಕೆಂದರೆ ನಮ್ಮ ಮನೆಯಲ್ಲಿ ನನ್ನ ಅಳತೆಯ ವಸ್ತುವನ್ನು ಯಾರೂ ಎಂದೂ ಕೊಂಡವರಲ್ಲ. ಅಂಗಿ ಮೈಗೆ ಒಪ್ಪಿ ಕೂತಿತೆಂದರೆ ಅವ್ವ ಅದನ್ನು ಅನುಮಾನದಿಂದ ನೋಡಿ, ಅಂಗಡಿಯವನಿಗೆ “ಬೆಳಿಯೂ ಹುಡುಗ ಅದಾನ್ರಿ, ಇನ್ನೂ ದೊಡ್ಡದ ತಗೀರಿ” ಎನ್ನುತ್ತಿದ್ದಳು. ನಾನು ಶಾಲೆಗೆ ಹೋದದ್ದು ತೋಳು ಮಡಚಿಕೊಂಡು, ಚಪ್ಪಲಿಯಲ್ಲಿ ಹಿಂದೆ ಇನ್ನೊಬ್ಬ ನಿಲ್ಲುವಷ್ಟು ಜಾಗ ಬಿಟ್ಟುಕೊಂಡು. ಅಂಗಿ ಸರಿಹೊಂದುವ ಶುಭದಿನ ಬರುವಷ್ಟರಲ್ಲಿ ಅದರ ಮೊಣಕೈ ಹರಿದಿರುತ್ತಿತ್ತು. ನಿಮ್ಮ ಬಾಲ್ಯವೂ ಹೀಗೆ ಸಡಿಲವಾಗಿಯೇ ಕಳೆದಿದ್ದರೆ, ಮುಂದಿನ ಕತೆಗೆ ನೀವು ನಗುವ ಮುನ್ನ ಒಮ್ಮೆಯಾದರೂ ಮರುಗುತ್ತೀರಿ.

ಸೈಕಲ್ ಪ್ರಸಂಗ ಹುಟ್ಟಿದ್ದು ನನ್ನ ಅಣಕದ ಚಟದಿಂದ. ಕಂಡಕಂಡವರ ದನಿ ಕದ್ದು ಮದುವೆಮನೆಗಳಲ್ಲಿ ಹಂಚುವುದು ನನ್ನ ಹವ್ಯಾಸ. ಅದರಲ್ಲೂ ಅತಿ ಬೇಡಿಕೆಯ ಪಾತ್ರ ನನ್ನ ಸ್ವಂತ ಅಕ್ಕ ಸುಧಾಳದು. ಆಕೆ ಕಾಲೇಜಿನಲ್ಲಿ ಪಾಠ ಹೇಳುವವಳು. ರವಿವಾರ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸೈಕಲ್ ಹೊಡೆಯುತ್ತ, ಏರಿನಲ್ಲೂ ಏದುಸಿರಿನ ನಡುವೆ ಜೊತೆಯವರಿಗೆ ಪಾಠ ಮುಂದುವರಿಸುವವಳು. ಆ ಏದುಸಿರನ್ನು ನಾನು ಒಮ್ಮೆ ಮನಸಾರೆ ಪ್ರದರ್ಶಿಸುತ್ತಿದ್ದಾಗ ಅವಳು ನನ್ನ ಬೆನ್ನ ಹಿಂದೆಯೇ ನಿಂತು ಪೂರ್ತಿ ಕೇಳಿಸಿಕೊಂಡಳು.

“ಈ ರವಿವಾರ ನನ್ನ ಜೋಡಿ ಧಾರವಾಡದ ಮಟಾ ಬಾ. ನಡುವ ಎಲ್ಲೆರ ಕಾಲ ನೆಲಕ್ಕ ಊರಿದಿ ಅಂದ್ರ, ಕಾಕಾನ ಮಗಳ ಮದವ್ಯಾಗ ನನ್ನ ದನಿ ತಗಿಯಂಗಿಲ್ಲ. ಆತಿಲ್ಲೋ?”

“ಆತವಾ,” ಎಂದೆ, ಅವಳದೇ ದನಿಯಲ್ಲಿ. ಕಲಾವಿದನ ಮುಖ್ಯ ಪಾತ್ರವೇ ಜಪ್ತಿಯಾಗುವ ಗಂಡಾಂತರ ಆಮೇಲೆ ಹೊಳೆಯಿತು.

ಹೊಸ ರೋಡ್ ಬೈಕುಗಳನ್ನು ನೋಡಲು ಹೋದೆ. ಅವಕ್ಕೆ ಗಂಟೆಯಿಲ್ಲ, ಸ್ಟ್ಯಾಂಡಿಲ್ಲ, ಕ್ಯಾರಿಯರ್ ಇಲ್ಲ. ವೈರಾಗ್ಯ ಹೆಚ್ಚಿದಷ್ಟೂ ಬೆಲೆ ಹೆಚ್ಚು. ಅಂಥ ಸನ್ಯಾಸಿಗಳನ್ನು ಸಾಕುವ ಶಕ್ತಿ ನನ್ನ ಸಂಬಳಕ್ಕಿರಲಿಲ್ಲ. ಕೊನೆಗೆ ಗೋಕುಲ ರಸ್ತೆಯಲ್ಲಿ ಹಳೆಯ ಸೈಕಲ್ ಮಾರುವ ರಫೀಕಭಾಯಿಯ ಅಂಗಡಿಯಲ್ಲಿ ಎರಡು ಸಿಕ್ಕವು, ಬೆಲೆ ಎರಡಕ್ಕೂ ಒಂದೇ: ಬಳಪದಿಂದ ಬರೆಯುವ ಪಾಟಿಯ ಬಣ್ಣದ ಸಣ್ಣದೊಂದು, ಟಗರಿನ ಕೊಂಬಿನಂಥ ಹ್ಯಾಂಡಲ್ಲಿನ ಕೆಂಪನೆಯ ದೊಡ್ಡದೊಂದು.

“ಸಣ್ಣದು ನಿಮಗ ಬರೋಬ್ಬರಿ ಆಗ್ತದ್ರಿ,” ಎಂದ ರಫೀಕಭಾಯಿ.

ಅಷ್ಟೇ ರೊಕ್ಕಕ್ಕೆ ಹೆಚ್ಚು ಸೈಕಲ್ ಸಿಗುವಾಗ ಕಡಿಮೆ ಸೈಕಲ್ ಏಕೆ ಕೊಳ್ಳಬೇಕು? ನನ್ನೊಳಗಿನ ಅವ್ವ ಎದ್ದು ಕೂತಳು. “ದೊಡ್ಡದ ಕೊಡ್ರಿ,” ಎಂದೆ. ರಫೀಕಭಾಯಿ ನನ್ನ ಕಾಲುಗಳನ್ನು ಕನಿಕರದಿಂದ ನೋಡಿ, “ವಾರದಾಗ ಬದಲಿ ಮಾಡೂದಿದ್ರ ತೊಗೊಂಡ ಬರ್ರಿ. ಗೀರ ಬಿದ್ದಿರಬಾರದು ನೋಡ್ರಿ,” ಎಂದ.

ಆ ಸೈಕಲ್ ಏರಲು ಕಟ್ಟೆ ಬೇಕು, ಇಳಿಯಲು ಕಟ್ಟೆ ಬೇಕು, ನಡುವಿನದೆಲ್ಲ ದೈವೇಚ್ಛೆ. ನಾನು ಹ್ಯಾಂಡಲ್ ಮೇಲೆ ಬಾಗಿ ಹೊರಟದ್ದನ್ನು ಕಂಡ ಓಣಿಯ ಅಜ್ಜಿಯೊಬ್ಬರು, “ಏನ್ ಬಿತ್ತೋ ತಮ್ಮಾ, ಹುಡುಕಾಕತ್ತೀಯಲ್ಲ?” ಎಂದು ತಾವೂ ನೆಲ ನೋಡತೊಡಗಿದರು.

ರವಿವಾರದ ನಸುಕಿನಲ್ಲಿ ಸಿಗ್ನಲ್ಲುಗಳಿನ್ನೂ ಎದ್ದಿರಲಿಲ್ಲ, ಹಾಗಾಗಿ ಬದುಕಿದೆ. ನವಲೂರಿನ ಬಳಿ ಪೇರಲಹಣ್ಣಿನ ಬುಟ್ಟಿ ಕಂಡು ಅಕ್ಕ ಗಕ್ಕನೆ ನಿಂತಳು. “ನಿಂದರೋ, ಪೇರಲ ತಿಂದು ಹೋಗೂಣು!” ನಿಲ್ಲುವ ಆಸೆ ನನಗೂ ಇತ್ತು; ಆದರೆ ಕಣ್ಣು ಹಾಯುವವರೆಗೆ ಒಂದೂ ಕಟ್ಟೆಯಿರಲಿಲ್ಲ. ಮಹಾತಪಸ್ವಿಯಂತೆ ಹಣ್ಣನ್ನು ನಿರಾಕರಿಸಿ ಮುಂದೆ ಸಾಗಿದೆ. ಏರು ಬಂತು. ನನ್ನ ಗಂಟಲಿನಿಂದ ಹೊರಟ ಏದುಸಿರು ಥೇಟ್ ಅಕ್ಕನದು. ಇಷ್ಟು ವರ್ಷ ನಾನು ಕದ್ದದ್ದು ಬರೀ ಸದ್ದು, ಅದರ ಹಿಂದಿನ ಏರನ್ನಲ್ಲ ಎಂದು ಆಗ ತಿಳಿಯಿತು. ಏರು ಮುಗಿದು ಇಳಿಜಾರು ತೆರೆದುಕೊಂಡಾಗ, ತಣ್ಣನೆಯ ಗಾಳಿ ಅಂಗಿಯೊಳಗೆ ಹೊಕ್ಕು ಅದರ ಬೆನ್ನನ್ನು ಹಾಯಿಪಟದಂತೆ ಉಬ್ಬಿಸಿದಾಗ, ನಾನು ಗಟ್ಟಿಯಾಗಿ ನಕ್ಕೆ. ಅದು ಯಾರ ದನಿಯೂ ಆಗಿರಲಿಲ್ಲ. ಬಹಳ ದಿನಗಳ ಮೇಲೆ ಕೇಳಿದ ನನ್ನದೇ ದನಿ.

ಧಾರವಾಡದಲ್ಲಿ ಸಿಕ್ಕ ಮೊದಲ ಬೇವಿನ ಕಟ್ಟೆಗೆ ಕಾಲು ಚಾಚಿ ಇಳಿದೆ. ಎಷ್ಟೋ ಹೊತ್ತಿಗೆ ಬಂದ ಅಕ್ಕ, “ಎಲ್ಲೂ ನಿಂದರದ ಬಂದೆಲ್ಲೋ ಹುಲಿ!” ಎಂದು ಬೆರಗಾದಳು.

“ನಿಂದರಾಕ ಬಂದಿದ್ರ ನಿಂದರತಿದ್ದೆ,” ಎಂದೆ.

ಅವಳು ನಕ್ಕ ರಭಸಕ್ಕೆ ಪೇರಲಗಳು ಉರುಳಿದವು. ಪಂದ್ಯ ನಾನೇ ಗೆದ್ದೆ, ನಿಜ. ಆದರೆ ಅಂದು ಸಂಜೆ ಅವಳು ಮನೆಯಲ್ಲಿ ಕುತ್ತಿಗೆ ಚಾಚಿ, ಕಟ್ಟೆಗಾಗಿ ಕಂಗಾಲಾಗಿ ಕಣ್ಣಾಡಿಸುವ ನನ್ನನ್ನು ಅಣಕಿಸಿ ತೋರಿಸಿದ್ದು ನನ್ನ ಯಾವ ಅಣಕಕ್ಕಿಂತಲೂ ಮೇಲಾಗಿತ್ತು. ಮದುವೆಯಲ್ಲಿ ಈಗ ಅವಳದೂ ಕಾರ್ಯಕ್ರಮವಿದೆಯಂತೆ.

ಮರುದಿನ ಗೀರಿಲ್ಲದ ಕೆಂಪನ್ನು ಕೊಟ್ಟು ಪಾಟಿಬಣ್ಣದ್ದನ್ನು ತಂದೆ. ಸಿಗ್ನಲ್ಲಿನಲ್ಲಿ ಎರಡೂ ಪಾದ ನೆಲಕ್ಕೂರಿ ನಿಲ್ಲುವ ಸುಖವನ್ನು ಈಗ ಕಾರಣವಿಲ್ಲದೆಯೂ ಅನುಭವಿಸುತ್ತೇನೆ. ಉಳಿದಿದ್ದು ತಪ್ಪಿನ ಪಾಲುಪಟ್ಟಿ. ಮೆಂತ್ಯಪಲ್ಲೆಯ ಎಲೆ ಬಿಡಿಸಿ ಸೋಸುತ್ತ ಕೂತಿದ್ದ ಅವ್ವನ ಮುಂದೆ ನಿಂತು, ಅವಳದೇ ದನಿ ತೆಗೆದು, “ಬೆಳಿಯೂ ಹುಡುಗ, ಬೆಳಿಯೂ ಹುಡುಗ ಅಂತ ಎಲ್ಲಾ ದೊಡ್ಡದ ಕೊಡಿಸಿದಾಕಿ ನೀನ. ಅದಕ್ಕ ಹಿಂಗಾತು,” ಎಂದೆ.

ಅವ್ವ ತಲೆ ಎತ್ತಲಿಲ್ಲ.

“ದೊಡ್ಡದ ತರೂದಷ್ಟ ನನ್ನ ಕೆಲಸಿತ್ತಪಾ. ಬೆಳಿಯೂದು ನಿಂದಿತ್ತು.”