ಬೆನ್ನು ಹತ್ತಿದ ಶೈಲಿ

ಕ್ಯಾಮರಾ ಕೈಗೆ ಬಂದವನು ಮೊಟ್ಟಮೊದಲು ಕಲಿಯಬೇಕಾದ ವಿದ್ಯೆ ಒಂದು ಕಣ್ಣು ಮುಚ್ಚುವುದು. ನಾನಾದರೋ ಬಹಳ ದಿನ ಮುಚ್ಚಬೇಕಾದ ಕಣ್ಣನ್ನು ಅಗಲವಾಗಿ ತೆರೆದು, ನೋಡಬೇಕಾದ ಕಣ್ಣನ್ನೇ ಭಕ್ತಿಯಿಂದ ಮುಚ್ಚುತ್ತಿದ್ದೆ. ಮಂಡ್ಯದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದ ದಿನ ಮಗಳು ಈ ಯಂತ್ರವನ್ನು ನನ್ನ ಕೊರಳಿಗೆ ಹಾಕಿದಾಗ, ಬೀಳ್ಕೊಡುಗೆಯ ಹಾರಕ್ಕಿಂತ ಇದು ಭಾರ ಎಂಬುದಷ್ಟೇ ನನಗೆ ತಿಳಿದದ್ದು.

ನಮ್ಮೂರಲ್ಲಿ ಭಾನುವಾರ ಬೆಳಗಾದರೆ ಕ್ಯಾಮರಾ ಹೊತ್ತು ಹೊರಡುವ ಏಳೆಂಟು ಮಂದಿಯ ಗುಂಪೊಂದಿದೆ. ನಾನೂ ಸೇರಿಕೊಂಡೆ. ಅವರಲ್ಲಿ ಹಿರಿಯರಾದ, ಸ್ಟುಡಿಯೊ ನಡೆಸುತ್ತಲೇ ಕೂದಲು ನರೆಸಿಕೊಂಡ ರಾಮಣ್ಣನವರು ನನ್ನ ಚಿತ್ರಗಳನ್ನೆಲ್ಲ ನೋಡಿ, "ಎಲ್ಲ ಸರಿ ಮೇಷ್ಟ್ರೇ, ಇದ್ರಲ್ಲಿ ನೀವೆಲ್ಲಿದ್ದೀರಿ? ನಿಮ್ದು ಅಂತ ಒಂದು ಶೈಲಿ ಬೇಕು" ಎಂದುಬಿಟ್ಟರು. ಕವಿಗಳ ಶೈಲಿಯ ಮೇಲೆ ವರ್ಷವರ್ಷವೂ ಹತ್ತು ಅಂಕದ ಪ್ರಶ್ನೆ ಕೇಳಿ ಮಕ್ಕಳನ್ನು ಗೋಳಾಡಿಸಿದ್ದ ನನಗೆ, ಅದೇ ಪ್ರಶ್ನೆ ನನ್ನ ಕಡೆಗೆ ತಿರುಗಿದಾಗ ಉತ್ತರವಾಗಿ ಬರೆಯಲು ಒಂದು ಸಾಲೂ ಇರಲಿಲ್ಲ.

ಹುಡುಕಲು ಹೊರಟೆ. ಕೃಷಿ ಸಂಶೋಧನೆ ನಡೆಯುವ ವಿ.ಸಿ. ಫಾರಂನ ಗದ್ದೆಗಳಲ್ಲಿ ಕೊಕ್ಕರೆಗಳೆದುರು ಧ್ಯಾನಸ್ಥನಾದೆ. ನನ್ನ ಧ್ಯಾನ ಮುಗಿಯುವ ಮೊದಲೇ ಅವು ಹಾರಿಹೋದವು. ವೈದ್ಯನಾಥಪುರದ ಗುಡಿಯ ಕಂಬಗಳನ್ನು ಕಪ್ಪುಬಿಳುಪಿನಲ್ಲಿ ತೆಗೆದೆ. ಕತ್ತಲು ಚೆನ್ನಾಗಿ ಬಂತು, ಕಂಬ ಬರಲಿಲ್ಲ. ಮನುಷ್ಯರನ್ನು ತೆಗೆಯೋಣವೆಂದರೆ ನನ್ನದು ಹುಟ್ಟಾ ಸಂಕೋಚ. 'ಒಂದು ಫೋಟೊ ತೆಗೆಯಲೇ?' ಎಂಬ ಪುಟ್ಟ ವಾಕ್ಯವನ್ನು ನಾನು ವ್ಯಾಕರಣಶುದ್ಧವಾಗಿ ಜೋಡಿಸಿಕೊಳ್ಳುವಷ್ಟರಲ್ಲಿ ಎದುರಿಗೆ ಬಂದವರು ನನ್ನನ್ನು ದಾಟಿ ಮುಂದಕ್ಕೆ ಹೋಗಿರುತ್ತಿದ್ದರು; ನಾನು ಅವರ ಬೆನ್ನಿಗೆ ಗುಂಡಿ ಒತ್ತುತ್ತಿದ್ದೆ. ಹೀಗೆ ವರ್ಷ ಕಳೆಯುವುದರೊಳಗೆ ನನ್ನಲ್ಲಿ ಕಬ್ಬು ಕಡಿಯುವವರ ಬೆನ್ನು, ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವರ ಬೆನ್ನು, ಬಸ್ಸಿಗೆ ಕಾದವರ ಬೆನ್ನುಗಳೇ ರಾಶಿಬಿದ್ದವು. ಶೈಲಿಯ ಬೆನ್ನು ಹತ್ತಿದವನಿಗೆ ಬೆನ್ನಷ್ಟೇ ದಕ್ಕಿತ್ತು. ಗೆಳೆಯರು ನಕ್ಕರು. ನಾನೂ ನಕ್ಕೆ, ಆದರೆ ಮನೆಗೆ ಬಂದು, ಕ್ಯಾಮರಾವನ್ನು ಮಗಳಿಗೇ ಹಿಂದಿರುಗಿಸುವುದೆಂದು ನಿಶ್ಚಯಿಸಿಬಿಟ್ಟೆ.

ಹಾಗೆ ಹಿಂದಿರುಗಿಸುವ ಮುಂಚೆಯೇ ಗುಂಪಿನವರು ಮದ್ದೂರಿನಲ್ಲಿ ಒಂದು ಸಣ್ಣ ಪ್ರದರ್ಶನ ಏರ್ಪಡಿಸಿದರು. ನನ್ನದೂ ಒಂದಿರಲೆಂದು ಮಳವಳ್ಳಿಯ ಹತ್ತಿರ ತೆಗೆದಿದ್ದ ಚಿತ್ರವೊಂದನ್ನು ಮೂಲೆಯಲ್ಲಿ ನೇತುಹಾಕಿದರು: ಹಸಿಹುಲ್ಲಿನ ಹೊರೆ ತಲೆಯ ಮೇಲೆ ಹೊತ್ತು ಬದುವಿನ ಮೇಲೆ ಹೋಗುತ್ತಿರುವ ಒಬ್ಬ ರೈತನ ಬೆನ್ನು. ಪಕ್ಕದ ಛತ್ರದಲ್ಲಿ ಅಂದು ಮದುವೆ. ಊಟ ಮುಗಿಸಿದವರು ಎಲೆಅಡಿಕೆ ಮೆಲ್ಲುತ್ತಾ ನಮ್ಮ ಕಡೆಗೂ ಬಂದುಹೋಗುತ್ತಿದ್ದರು. ಅವರಲ್ಲೊಬ್ಬ ಹೆಂಗಸು ನನ್ನ ಚಿತ್ರದ ಮುಂದೆ ನಿಂತವರು ಅಲುಗಲಿಲ್ಲ.

"ಸಾ, ಇದು ನಮ್ಮೆಜಮಾನ್ರು!"

ಕೇಳದೆ ತೆಗೆದದ್ದು, ಈಗ ಜಗಳ ಖಂಡಿತ ಎಂದುಕೊಂಡು ಕ್ಷಮಾಪಣೆಯ ವಾಕ್ಯ ಜೋಡಿಸತೊಡಗಿದೆ. ಅಷ್ಟರಲ್ಲಿ ಜಯಮ್ಮ ಎಂಬ ಆಕೆ ಬಾಗಿಲಾಚೆ ನಿಂತಿದ್ದ ಗಂಡ ನಿಂಗೇಗೌಡರನ್ನು ಕೂಗಿ ಕರೆದಾಗಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದ ಗೌಡರು ಚಿತ್ರವನ್ನು ಕಣ್ಣು ಕಿರಿದು ಮಾಡಿ ನೋಡಿದರು.

"ನಾನಲ್ಲ ಕಣಮ್ಮಿ. ಯಾವನೋ ಮುದ್ಕ. ಎಂಗ್ ಬಗ್ಗವ್ನೆ ನೋಡು."

"ನೀವೇಯ. ಆ ಎಡಗಾಲು ಊರೋದ್ ನೋಡಿ. ಮೂವತ್ತೊರ್ಸ ನಿಮ್ ಇಂದೇನೇ ಗದ್ದೆಗೆ ನಡೆದಿಲ್ವಾ ನಾನು? ಆ ಬೆನ್ನ ನಿಮ್ಗಿಂತ ಚೆನ್ನಾಗಿ ನಾನ್ ಬಲ್ಲೆ."

ಗೌಡರು ಹತ್ತಿರ ಹೋಗಿ ಮತ್ತೆ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಇಷ್ಟೊಂದು ಬಗ್ಗೋಗದಾ ನನ್ ಬೆನ್ನು?"

"ಒತ್ಕಂಡ್ ತಿರುಗಿದ್ದೇನು ಕಮ್ಮಿನಾ?" ಎಂದರು ಜಯಮ್ಮ. ಹಾಗೆಂದು ಚಿತ್ರದೊಳಗಿನ ಆ ಬೆನ್ನನ್ನು ಬೆರಳ ತುದಿಯಿಂದ ಒಮ್ಮೆ ಮುಟ್ಟಿದರು.

ನಾನು ಚಿತ್ರವನ್ನು ಇಳಿಸಿಬಿಡುತ್ತೇನೆಂದೆ. "ಇರ್ಲಿ ಬುಡಿ ಸಾ. ನಮ್ ಮದ್ವೆ ಫೋಟೊದಾಗೆ ಕತ್ತಿನ ಗುಂಡಿ ಆಕ್ಕಂಡು ಯಾರೋ ಸಾಹೇಬ್ರಂಗೆ ಕುಂತವ್ರೆ. ಇದ್ರಾಗೆ ನಮ್ಮೋರೇ ಅವ್ರೆ" ಎಂದರು ಆಕೆ. ರಾಮಣ್ಣನವರು ಅಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಅವರು ಮೂಲೆಯಲ್ಲಿದ್ದ ನನ್ನ ಚಿತ್ರವನ್ನು ತಂದು ಬಾಗಿಲ ಎದುರಿನ ಗೋಡೆಗೆ ಹಾಕಿದರು.

ನಾನು ಸಂಕೋಚವೆಂದು ನಾಚುತ್ತಿದ್ದುದನ್ನು ನೋಟವೆಂದು ತಿಳಿಸಿಕೊಟ್ಟವರು ಓದುಬರಹ ಕಲಿಯದ ಆ ತಾಯಿ. ಮುಖ ಎದುರಿಗೆ ಬಂದವರಿಗೆಲ್ಲ ಕಾಣುತ್ತದೆ. ಬೆನ್ನು ಕಾಣುವುದು ಹಿಂದೆ ನಡೆದುಬಂದವರಿಗೆ ಮಾತ್ರ. ಇದು ತಿಳಿದ ಮೇಲೆ ಕ್ಯಾಮರಾವನ್ನು ಹಿಂದಿರುಗಿಸುವ ಮಾತು ತಾನಾಗಿ ಬಿದ್ದುಹೋಯಿತು.

ಮುಂದಿನ ಭಾನುವಾರ ಚಿತ್ರಕ್ಕೆ ಕಟ್ಟು ಹಾಕಿಸಿಕೊಂಡು ಮಳವಳ್ಳಿ ಕಡೆಯ ಅವರ ಊರಿಗೇ ಹೋದೆ. ಕಾಫಿಯಾಯಿತು. ಗೌಡರು ಯಾಕೋ ಚಡಪಡಿಸುತ್ತಿದ್ದವರು, "ಸಾ, ಇವಳ್ದೂ ಒಂದ್ ಅಂಗೇ ತಗೀರಿ. ಇಷ್ಟೊರ್ಸ ಆಯ್ತು, ಇವಳ ಬೆನ್ನ ನಾನ್ ಸರ್ಯಾಗಿ ನೋಡೇ ಇಲ್ಲ" ಎಂದರು.

ಜಯಮ್ಮ ಸೆರಗನ್ನು ಬಾಯಿಗಡ್ಡ ಹಿಡಿದು ನಕ್ಕರು. ಈ ಸಲ ನಾನು ಧೈರ್ಯ ಮಾಡಿ ಆಕೆಯನ್ನೇ ಕೇಳಿದೆ: "ತೆಗೆಯಲೇನಮ್ಮ?" ತಲೆಯಾಡಿಸಿದರು. ಮೂವರೂ ಗದ್ದೆಗೆ ಹೋದೆವು. ಬದುವೆಂದರೆ ಒಬ್ಬರ ಹಿಂದೊಬ್ಬರು ನಡೆಯುವಷ್ಟೇ ಅಗಲ. ಜಯಮ್ಮ ಮುಂದೆ, ಗೌಡರು ಹಿಂದೆ, ಅವರ ಹಿಂದೆ ನಾನು. ಮುಂದೆ ನಡೆದು ಅಭ್ಯಾಸವಿಲ್ಲದ ಆಕೆ ನಾಲ್ಕು ಹೆಜ್ಜೆಗೊಮ್ಮೆ ನಿಂತು ಹಿಂದಿರುಗಿ ನೋಡುತ್ತಿದ್ದರು.

"ತಿರುಗ್ಬ್ಯಾಡ ಕಣಮ್ಮಿ" ಎಂದರು ಗೌಡರು. "ನಡಿ. ನಾನ್ ಇಂದೇನೇ ಇವ್ನಿ."

ಆಮೇಲೆ ಆಕೆ ತಿರುಗಲಿಲ್ಲ. ಭತ್ತದ ಹಸಿರಿನ ನಡುವೆ ನೇರವಾಗಿ, ಸರಾಗವಾಗಿ ನಡೆದರು. ಗೌಡರು ಆ ಬೆನ್ನನ್ನು ನೋಡುತ್ತಾ ನಡೆದರು. ನಾನು ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದುಕೊಂಡೆ.