ಎಮ್ಮೆಯನ್ನೂ ನೆನೆದ ಸ್ತೋತ್ರ

ನನ್ನ ಹಲ್ಲುಗಳ ಬಗ್ಗೆ ನನಗೆ ಮೊದಲಿನಿಂದಲೂ ಸ್ವಲ್ಪ ಜಂಬವಿದೆ. ಹಳ್ಳಿಖೇಡದ ಕಡೆಯಿಂದ ಬರುತ್ತಿದ್ದ ಕಬ್ಬನ್ನು ಸುಲಿಯಲು ನಾನೆಂದೂ ಕುಡುಗೋಲು ಕೇಳಿದವನಲ್ಲ. ಇಂಥ ಕ್ಷುಲ್ಲಕ ಸಂಗತಿಯಿಂದ ಶುರುಮಾಡಿದೆನೆಂದು ಬೇಸರಿಸಬೇಡಿ, ಗೆಳೆಯರೇ. ಈ ಹಲ್ಲುಗಳಿಗಾಗಿ ನಾನೊಮ್ಮೆ ತುಂಬಿದ ಸಭೆಯಲ್ಲಿ ದೇವರಿಗೆ ಸ್ತೋತ್ರ ಹೇಳಿದ್ದೇನೆ, ಅದು ನೆನಪಾದಾಗಲೆಲ್ಲ ಇಂದಿಗೂ ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗುತ್ತದೆ.

ಅರವತ್ತರ ದಶಕದಲ್ಲಿ ನಾನು ಹುಮನಾಬಾದಿನಲ್ಲಿ ಶಾಲಾಮಾಸ್ತರನಾಗಿದ್ದೆ. ನಮ್ಮ ಪುಟ್ಟ ಚರ್ಚಿನಲ್ಲಿ ಕ್ರಿಸ್ಮಸ್ ಬೆಳಗಿನ ಆರಾಧನೆಯ ಕೊನೆಗೆ ಪ್ರತಿ ಮನೆಯ ಪರವಾಗಿ ಒಬ್ಬರು ಎದ್ದುನಿಂತು, ಆ ವರ್ಷ ದೇವರು ಕೊಟ್ಟದ್ದನ್ನೆಲ್ಲ ಹೆಸರು ಹಿಡಿದು ನೆನೆಯುವ ಪದ್ಧತಿಯಿತ್ತು. ದುಬಲಗುಂಡಿಯಿಂದ ಬಸ್ಸಿಗೆ ಬರುತ್ತಿದ್ದ ಕೂಲಿಯವರು “ಮಕ್ಕಳು ಚೊಲೋ ಅದಾವ, ಸ್ತೋತ್ರ” ಎಂದು ಒಂದೇ ಮಾತಿಗೆ ಮುಗಿಸಿ ಕೂತುಬಿಡುತ್ತಿದ್ದರು. ನಾನು ಹಾಗಲ್ಲ. ಮಾತೇ ಕಸುಬಾದವನು, ವಾರ ಮೊದಲೇ ಬರೆದು, ತಿದ್ದಿ, ಸೈಕಲ್ಲು ತುಳಿಯುತ್ತ ಬಾಯಿಪಾಠ ಮಾಡಿ, ಪಾದ್ರಿ ಸಾಹೇಬರ ಪ್ರಸಂಗಕ್ಕಿಂತ ಮಾಸ್ತರರ ಸ್ತೋತ್ರವೇ ಮೇಲೆಂದು ಜನ ಅಂದುಕೊಳ್ಳಲಿ ಎಂಬ ಗುಪ್ತ ಆಸೆಯನ್ನು ಹೊತ್ತುಕೊಂಡೇ ಚರ್ಚಿಗೆ ಹೋಗುತ್ತಿದ್ದೆ.

ಒಂದು ವರ್ಷ ಹೀಗೇ ಎದ್ದುನಿಂತು, ವಿಷಮಜ್ವರದಿಂದ ಎದ್ದು ಬಂದ ಹೆಂಡತಿಯನ್ನು ನೆನೆದೆ, ಒಂದು ದಿನವೂ ಕೆಮ್ಮದ ಇಬ್ಬರು ಹೆಣ್ಣುಮಕ್ಕಳನ್ನು ನೆನೆದೆ. ಬೆನ್ನಿಗೆ ಬೀಳುವ ಎಳೆಬಿಸಿಲು, ಬೆಲ್ಲದ ಚಹಾ, ಹಬ್ಬದ ಕರಜಿಕಾಯಿ, ಅದನ್ನು ಕಟುಮ್ಮನೆ ಕಡಿಯುವ ಹಲ್ಲು, ಕೊನೆಗೆ ಹಾಲು ಕೊಡುವ ನಮ್ಮ ಎಮ್ಮೆ ಚಂದ್ರಿ! ಸಭೆ ನಕ್ಕು, ಮೆಚ್ಚಿ, ಆಮೆನ್ ಎಂದಿತು. ಗೆದ್ದವನಂತೆ ಕೂತು ಹೆಂಗಸರ ಕಡೆ ನೋಡಿದರೆ ಹೆಂಡತಿ ತಲೆ ತಗ್ಗಿಸಿದ್ದಳು. ಅವಳ ಪಕ್ಕದಲ್ಲಿ ಅಕ್ಕ ಕೂತಿದ್ದಳು.

ರತ್ನಕ್ಕ ನನ್ನ ಒಡಹುಟ್ಟಿದವಳು. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದು ಹನ್ನೊಂದು ವರ್ಷವಾಗಿತ್ತು. ಜ್ವರದ ಇಪ್ಪತ್ತು ದಿನ ಹೆಂಡತಿಯ ಹಾಸಿಗೆ ಬಿಟ್ಟು ಕದಲದವಳು ಅವಳು; ಮಕ್ಕಳಿಗೆ ತಲೆ ಬಾಚುವವಳು, ಚಂದ್ರಿಯ ಹಾಲು ಕರೆಯುವವಳು, ಕರಜಿಕಾಯಿ ಕರಿದವಳು, ಎಲ್ಲ ಅವಳೇ. ಎಮ್ಮೆಯ ತನಕ ನೆನೆದ ನಾನು ಅವಳನ್ನು ಮರೆತಿದ್ದೆ.

ಮನೆಗೆ ಬರುವಾಗ ಅಕ್ಕ, “ಚಂದ್ರಿ ಹೆಸರ ತಗೊಂಡಿದ್ದು ಚೊಲೋ ಆತು ನೋಡು, ಪಾಪ, ಭಾಳ ಹಾಲ ಕೊಡ್ತದ” ಎಂದಳು. ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮುಂದಿನ ಕ್ರಿಸ್ಮಸ್ಸಿಗೆ ಅವಳ ಹೆಸರನ್ನೇ ಮೊದಲು ಹೇಳಿ ತಪ್ಪು ತಿದ್ದಿಕೊಳ್ಳುವುದೆಂದು ಬರೆಯಲು ಕೂತೆ. “ನನ್ನ ಅಕ್ಕ ರತ್ನಮ್ಮನಿಗಾಗಿ” ಎಂದು ಬರೆದ ಮೇಲೆ ಲೇಖನಿ ನಿಂತಿತು. ಅವಳು ಮಾಡುವ ಕೆಲಸಗಳೆಲ್ಲ ಗೊತ್ತು, ಅವಳು ಗೊತ್ತಿಲ್ಲ. ಯಾರಿಗೆ ಯಾವ ಪಲ್ಯ ಇಷ್ಟವೆಂದು ಅವಳಿಗೆ ತಿಳಿದಿತ್ತು. ಅವಳಿಗೆ ಇಷ್ಟವಾದದ್ದು ಏನೊಂದೂ ನನಗೆ ತಿಳಿದಿರಲಿಲ್ಲ. ಎದ್ದು ಒಲೆಯ ಹತ್ತಿರ ಹೋದೆ.

“ಅಕ್ಕಾ, ನಿನಗ ಏನ್ ಸೇರ್ತದ?”

“ಯಾಕ, ಅಡಿಗೀಗಿ ಉಪ್ಪ ಕಮ್ಮಿ ಬಿತ್ತೇನು?”

“ಹಂಗಲ್ಲ. ನಿನಗ ಏನ್ ಖುಷಿ ಅಂತ ಕೇಳಾಕತ್ತೇನಿ.”

ರೊಟ್ಟಿ ಬಡಿಯುವ ಕೈ ನಿಂತಿತು. “ಯಾರೂ ಕೇಳಿದ್ದಿಲ್ಲಪ್ಪ, ನನಗೂ ಮರ್ತೇ ಹೋಗ್ಯಾದ” ಎಂದು ನಕ್ಕಳು. ಆಮೇಲೆ, ಹೆಂಚಿನ ಮೇಲಿನ ರೊಟ್ಟಿ ಸೀಯುವಷ್ಟು ಹೊತ್ತು ಯೋಚಿಸಿ, “ಸಣ್ಣಾಕಿ ಇದ್ದಾಗ ಅಪ್ಪನ ಜೋಡಿ ಬಸ್ಸಿನ್ಯಾಗ ಕಲ್ಯಾಣಕ್ಕ ಹೋಗ್ತಿದ್ದೆ. ಖಿಡಕಿ ಕಡೆ ಕುಂತು ಹೊಲ ಓಡೋದು ನೋಡೋದು ಸೇರ್ತಿತ್ತು” ಎಂದಳು.

ನನಗೆ ನಿಧಿ ಸಿಕ್ಕಂತಾಯಿತು. ಹಬ್ಬಕ್ಕೆ ಎರಡು ದಿನ ಮೊದಲು, ಸೀರೆ ಕೊಡಿಸುವ ನೆಪ ಮಾಡಿ ಅವಳನ್ನು ಬಸವಕಲ್ಯಾಣಕ್ಕೆ ಹೊರಡಿಸಿದೆ. ಬಸ್ಸಿನಲ್ಲಿ ನೂಕುನುಗ್ಗಲು, ಮುಂದೆ ನುಗ್ಗಿ ಜಾಗ ಹಿಡಿದೆ, ಅಕ್ಕ ಹಿಂದಿನಿಂದ ಬಂದು ಪಕ್ಕದಲ್ಲಿ ಕೂತಳು. ಸಭೆಯಲ್ಲಿ ಅವಳ ಬಗ್ಗೆ ಏನೇನು ಹೇಳುವೆನೆಂದು ದಾರಿಯುದ್ದಕ್ಕೂ ಬಣ್ಣಿಸಿದೆ. ಅವಳು ಹೂಂಗುಟ್ಟುತ್ತಿದ್ದಳು. ದೂರದಲ್ಲಿ ಕೋಟೆ ಕಂಡಾಗ, “ಅಕ್ಕಾ, ಅಲ್ಲಿ ನೋಡು” ಎಂದು ಹೊರಗೆ ಕೈ ಮಾಡಿದೆ. ಅಕ್ಕ ನನ್ನನ್ನು ದಾಟಿ ಕತ್ತು ಚಾಚಿ ಇಣುಕಿದಳು.

ಆಗ ತಿಳಿಯಿತು, ಕಿಟಕಿಯ ಪಕ್ಕ ಕೂತವನು ನಾನು. ದಡಬಡಿಸಿ ಏಳಹೋದೆ. ಅಕ್ಕ ಭುಜ ಹಿಡಿದು ಕೂರಿಸಿದಳು. “ಕುಂದರಪ್ಪ. ಊರು ಬಂತು.”

ಮರಳುವಾಗ ಕಿಟಕಿಯ ಜಾಗ ಅವಳಿಗೇ ಕೊಟ್ಟೆ. ಬಸ್ಸು ಊರು ದಾಟುವಷ್ಟರಲ್ಲಿ ದಣಿದ ಅಕ್ಕ ಸರಳಿಗೆ ತಲೆಯಾನಿಸಿ ನಿದ್ದೆಹೋದಳು. ಹುಮನಾಬಾದಿನವರೆಗೂ ತೊಗರಿಯ ಹೊಲಗಳು ಓಡುತ್ತಲೇ ಇದ್ದವು, ಅವನ್ನು ಆ ಸಲವೂ ನಾನೇ ನೋಡಿದೆ.